ಪೈಗೆ ದಾರಿ ತೋರಿದ ಮಲಯಾಳಂ ಗದ್ಯ

ಒಂದನ್ನು ‘ಒಂದು ಕೂಡಿಸು ಎಕ್ಸ್ ವರ್ಗ’ದಿಂದ ಭಾಗಿಸಿದಾಗ ಬರುವ ವಕ್ರರೇಖೆಯ ಕೆಳಗೆ, ಸೊನ್ನೆಯಿಂದ ಒಂದರವರೆಗೆ, ಕ್ಷೇತ್ರಫಲವೆಷ್ಟು? ಪಿಯುಸಿ ವಿದ್ಯಾರ್ಥಿ ಅನುಕಲನ ಮಾಡಿ, ‘ಟ್ಯಾನ್ ಇನ್ವರ್ಸ್’ ಎಂದು ಬರೆದು, ಎರಡೇ ಸಾಲಿನಲ್ಲಿ ಉತ್ತರ ಕೊಡುತ್ತಾನೆ: ಪೈಯ ನಾಲ್ಕನೇ ಒಂದು ಭಾಗ. ಅನುಕಲನ ಎಂದೊಡನೆ ನೆನಪಾಗುವವರು ನ್ಯೂಟನ್ ಮತ್ತು ಲೈಬ್ನಿಜ್. ಆದರೆ ಈ ಲೆಕ್ಕದ ತಿರುಳನ್ನು ಅವರಿಬ್ಬರೂ ಹುಟ್ಟುವ ಮೊದಲೇ ಕೇರಳದ ಗಣಿತಜ್ಞರು ಬಿಡಿಸಿಟ್ಟಿದ್ದರು.

ಈ ಪರಂಪರೆಯ ಮೂಲಪುರುಷ 14ನೇ ಶತಮಾನದಲ್ಲಿ ಹುಟ್ಟಿದ ಸಂಗಮಗ್ರಾಮದ ಮಾಧವ. ಈ ಕುರಿತು ಆತನೇ ಬರೆದ ಗ್ರಂಥ ಉಳಿದಿಲ್ಲ. ಶಿಷ್ಯಪರಂಪರೆಯ ಕೃತಿಗಳೇ ಆಧಾರ. ಅವುಗಳಲ್ಲಿ ಮುಖ್ಯವಾದುದು ಜ್ಯೇಷ್ಠದೇವ ಸುಮಾರು 1530ರಲ್ಲಿ ರಚಿಸಿದ ‘ಯುಕ್ತಿಭಾಷಾ’. ಗಣಿತವೆಂದರೆ ಸಂಸ್ಕೃತ ಶ್ಲೋಕ ಎಂಬಂತಿದ್ದ ಕಾಲದಲ್ಲಿ ಆತ ಮಲಯಾಳಂ ಗದ್ಯದಲ್ಲಿ, ಸೂತ್ರದ ಜೊತೆಗೆ ಅದು ಹೇಗೆ ಬಂತೆಂಬ ಕಾರಣವನ್ನೂ ವಿವರಿಸಿದ.

ವಿಧಾನ ಸರಳ. ವೃತ್ತವೊಂದರ ಸುತ್ತ ಅದಕ್ಕೆ ತಾಗುವಂತೆ ಚೌಕ ಬರೆಯಬೇಕು. ಚೌಕದ ಅರ್ಧ ಬದಿಯನ್ನು ಸಮನಾದ ಸಣ್ಣ ತುಂಡುಗಳಾಗಿಸಿ, ಪ್ರತಿ ತುಂಡಿನ ತುದಿಯಿಂದ ವೃತ್ತಕೇಂದ್ರಕ್ಕೆ ಗೆರೆ ಎಳೆಯಬೇಕು. ಈ ಗೆರೆಗಳು ಪರಿಧಿಯ ಎಂಟನೇ ಒಂದು ಭಾಗವನ್ನು ಕಿರುಕಂಸಗಳಾಗಿ ಕತ್ತರಿಸುತ್ತವೆ. ತ್ರಿಜ್ಯ ಒಂದಾದರೆ, ಪ್ರತಿ ಕಿರುಕಂಸದ ಉದ್ದ ಆಯಾ ತುಂಡನ್ನು ‘ಒಂದು ಕೂಡಿಸು ಎಕ್ಸ್ ವರ್ಗ’ದಿಂದ ಭಾಗಿಸಿದಷ್ಟು. ಇಲ್ಲಿ ಎಕ್ಸ್ ಎಂದರೆ ಬದಿಯ ನಡುಬಿಂದುವಿನಿಂದ ಆ ತುಂಡಿಗಿರುವ ದೂರ. ತುಂಡುಗಳನ್ನು ಕಿರಿದಾಗಿಸುತ್ತ ಹೋದಂತೆ ಲೆಕ್ಕ ನಿಖರವಾಗುತ್ತದೆ. ಎಲ್ಲವನ್ನೂ ಕೂಡಿದರೆ ಸಿಗುವುದು ಇಂದಿನ ವಿದ್ಯಾರ್ಥಿ ಹುಡುಕುವ ಅದೇ ಕ್ಷೇತ್ರಫಲ. ಭಾಗಾಕಾರವನ್ನು ಬಿಡಿಸಿ ಬರೆದಾಗ ಅದು 1 – 1/3 + 1/5 – 1/7... ಎಂಬ ಕೊನೆಯಿಲ್ಲದ ಶ್ರೇಢಿಯಾಗುತ್ತದೆ.

ಈ ಶ್ರೇಢಿ ಬಲು ನಿಧಾನಿ. ಸಾವಿರ ಪದ ಕೂಡಿದರೂ ಪೈಯ ಎರಡೇ ದಶಮಾಂಶ ಸರಿಬರುತ್ತವೆ. ಕೇರಳದವರು ಇದನ್ನರಿತು ಕೊನೆಗೊಂದು ತಿದ್ದುಪಡಿ ಪದ ಸೇರಿಸಿದರು. ಮಾಧವನದೆನ್ನುವ ಬೆಲೆ 3.14159265359, ಹನ್ನೊಂದು ದಶಮಾಂಶದವರೆಗೆ ಸರಿ.

ಯುರೋಪಿನಲ್ಲಿ ಗ್ರೆಗರಿ 1671ರಲ್ಲಿ, ಅನಂತರ ಲೈಬ್ನಿಜ್ ಇದೇ ಫಲಿತಾಂಶ ಪಡೆದರು; ಶ್ರೇಢಿಗೆ ಅವರ ಹೆಸರೇ ನಿಂತಿತು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಚಾರ್ಲ್ಸ್ ವಿಶ್ 1830ರ ದಶಕದಲ್ಲೇ ಕೇರಳದ ಗ್ರಂಥಗಳ ಬಗ್ಗೆ ಬರೆದರೂ ವಿದ್ವತ್ ಲೋಕ ಗಮನ ಕೊಡಲಿಲ್ಲ. 1940ರ ದಶಕದಲ್ಲಿ ಸಿ.ಟಿ. ರಾಜಗೋಪಾಲ್ ಮತ್ತವರ ಸಂಗಡಿಗರು ಅವುಗಳತ್ತ ಮತ್ತೆ ಬೆಳಕು ಚೆಲ್ಲಿದರು. ಈಗ ‘ಮಾಧವ-ಲೈಬ್ನಿಜ್ ಶ್ರೇಢಿ’ ಎಂಬ ಹೆಸರು ಬಳಕೆಯಲ್ಲಿದೆ.

ಕೇರಳದ ಅರಿವು ಯುರೋಪಿಗೆ ಹೋಯಿತೆನ್ನಲು ಪುರಾವೆಯಿಲ್ಲ. ಯಾವ ವಕ್ರರೇಖೆಗೂ ಸಲ್ಲುವ ಸಾಮಾನ್ಯ ಕಲನಶಾಸ್ತ್ರ ಕಟ್ಟಿದ ಹಿರಿಮೆ ನ್ಯೂಟನ್, ಲೈಬ್ನಿಜ್‌ರದೇ. ಆದರೆ ಮಾಧವನ ಪಾಲನ್ನು ಇಂದು ತೋರಿಸಿಕೊಡಲು ಸಾಧ್ಯವಾಗಿರುವುದು, ಅವನ ಪರಂಪರೆಯವನೊಬ್ಬ ಉತ್ತರದ ಜೊತೆಗೆ ಕಾರಣವನ್ನೂ ತನ್ನ ನುಡಿಯಲ್ಲಿ ಬರೆದಿಟ್ಟದ್ದರಿಂದ.