ಆರು ವಾರ ತಡವಾದ ಉಬುಂಟು

ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಕೊಂಡವರು ಅದರ ಹೆಸರಿನ ಪಕ್ಕ 24.04 ಅನ್ನೋ ಥರದ ನಂಬರ್ ನೋಡಿರ್ತೀರಿ. ಅದು ತಾರೀಕು ಕಣ್ರೀ. 2024ನೇ ಇಸವಿ, ನಾಲ್ಕನೇ ತಿಂಗಳು. ಸಾಫ್ಟ್‌ವೇರ್‌ಗೆ ತಾರೀಕನ್ನೇ ಹೆಸರಾಗಿಡೋ ಧೈರ್ಯ ಎಲ್ಲಿಂದ ಬಂತು? ಇವತ್ತಿನ ಕತೆ ಅದೇ.

ಉಬುಂಟುಗೆ ತಳಪಾಯ ಡೆಬಿಯನ್. ಸ್ವಯಂಸೇವಕರು ಸೇರಿ ಕಟ್ಟಿದ ಲಿನಕ್ಸ್. ಅಲ್ಲಿನ ಪದ್ಧತಿ ಒಂದೇ: ಸಿದ್ಧವಾದಾಗ ಬಿಡುಗಡೆ. ಕೇಳೋಕೆ ಚೆನ್ನಾಗಿದೆ. ಆದ್ರೆ 2002ರ ಜುಲೈನಲ್ಲಿ ಒಂದು ಆವೃತ್ತಿ ಬಂದ ಮೇಲೆ ಮುಂದಿನದಕ್ಕೆ 2005ರ ಜೂನ್‌ವರೆಗೆ ಕಾಯಬೇಕಾಯ್ತು. ಹತ್ತಿರ ಹತ್ತಿರ ಮೂರು ವರ್ಷ! ಒಂದು ಕೆಲಸ ಮುಗಿಯೋ ಹೊತ್ತಿಗೆ ಇನ್ನೊಂದು ಹಳತಾಗಿರ್ತಿತ್ತು.

ನಮ್ಮೂರ ಬಸ್‌ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಮುಂದಿನ ಬಸ್ಸು ಯಾವಾಗ ಅಂತ ಗೊತ್ತಿಲ್ಲದಿದ್ರೆ ಎಲ್ರೂ ಇದೇ ಬಸ್ಸಿನ ಬಾಗಿಲಿಗೆ ಜೋತು ಬೀಳ್ತಾರೆ. ಪ್ರೋಗ್ರಾಮರ್‌ಗಳೂ ಅಷ್ಟೇ. ‘ನಂದೂ ಇದರಲ್ಲೇ ಹೋಗ್ಲಿ’ ಅಂತ ಅರೆಬೆಂದ ಕೋಡನ್ನು ತುರುಕ್ತಾರೆ. ಅದರಿಂದ ಬಿಡುಗಡೆ ಇನ್ನಷ್ಟು ತಡವಾಗುತ್ತೆ.

ಲಿನಕ್ಸ್‌ನ ಪರದೆ, ಕಿಟಕಿ, ಮೆನುಗಳನ್ನು ಮಾಡೋ ಗ್ನೋಮ್ ತಂಡ 2002ರಲ್ಲಿ 2.0 ಆವೃತ್ತಿ ಬಿಟ್ಟ ಮೇಲೆ ಈ ಗಂಟನ್ನು ಬಿಚ್ಚಿತು. ಆರು ತಿಂಗಳಿಗೊಂದು ಬಿಡುಗಡೆ. ತಾರೀಕು ಕದಲಲ್ಲ, ಮುಗಿಯದ ಕೆಲಸ ಮುಂದಿನ ಬಸ್ಸಿಗೆ. ಬಿಡುಗಡೆಗೆ ಕೆಲವು ವಾರ ಮುಂಚೆ ಹೊಸ ಸೌಲಭ್ಯ ಸೇರಿಸೋದಕ್ಕೆ ತಡೆ. ಆಮೇಲೆ ಪರದೆ ಮೇಲಿನ ಪದಗಳನ್ನು ಬದಲಿಸೋದಕ್ಕೂ ತಡೆ. ಈ ಎರಡನೆಯದು ನಂಗೆ ತುಂಬಾ ಇಷ್ಟ. ಕನ್ನಡಕ್ಕೆ ಅನುವಾದ ಮಾಡೋರು ರಾತ್ರಿ ಕೂತು ಮೆನು ಮುಗಿಸಿ, ಬೆಳಿಗ್ಗೆ ಎದ್ದು ನೋಡಿದ್ರೆ ಇಂಗ್ಲಿಷೇ ಬದಲಾಗಿರೋ ಗೋಳು ಇರಲ್ಲ.

2004ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಡೆಬಿಯನ್‌ನ ಸರಕಿಗೆ ಗ್ನೋಮ್‌ನ ಕ್ಯಾಲೆಂಡರ್ ಜೋಡಿಸಿದ್ರು. ಮೊದಲ ಉಬುಂಟು, 4.10, ಅಕ್ಟೋಬರ್ 20ಕ್ಕೆ ಬಂತು. ಆಮೇಲೆ 5.04, 5.10. ಎಲ್ಲ ಹೇಳಿದ ತಿಂಗಳಲ್ಲೇ.

ಪರೀಕ್ಷೆ ಎದುರಾಗಿದ್ದು 2006ರಲ್ಲಿ. ಏಪ್ರಿಲ್‌ಗೆ ಬರಬೇಕಿದ್ದ ಆವೃತ್ತಿಗೆ ಡೆಸ್ಕ್‌ಟಾಪ್‌ನಲ್ಲಿ ಮೂರು ವರ್ಷ, ಸರ್ವರ್‌ನಲ್ಲಿ ಐದು ವರ್ಷ ಬೆಂಬಲ ಕೊಡ್ತೀವಿ ಅಂತ ಮಾತು ಕೊಟ್ಟಾಗಿತ್ತು. ಅಷ್ಟು ದಿನ ಬಾಳೋದನ್ನ ಅವಸರದಲ್ಲಿ ಬಿಡೋದಾ? ಆರು ವಾರ ಮುಂದಕ್ಕೆ ಹಾಕೋಣ ಅಂತ ಮಾರ್ಚ್‌ನಲ್ಲಿ ಶಟಲ್‌ವರ್ತ್ ಅವರೇ ಸೂಚಿಸಿದ್ರು. ಪರೀಕ್ಷೆ, ಅನುವಾದ, ಒಪ್ಪ ಓರಣಕ್ಕೆ ಸಮಯ ಬೇಕಿತ್ತು. ಹೆಸರಲ್ಲೇ ತಾರೀಕು ಇದ್ದದ್ರಿಂದ 6.04 ಆಗಬೇಕಿದ್ದದ್ದು 6.06 ಆಯ್ತು. ತಡವಾದದ್ದನ್ನು ಮುಚ್ಚಿಡೋಕೆ ದಾರಿಯೇ ಇರಲಿಲ್ಲ.

ನನ್ನ ಪ್ರಕಾರ ನಿಜವಾದ ಗಟ್ಟಿತನ ಕಂಡಿದ್ದು ಆಮೇಲೆ. ಜೂನ್ 1ಕ್ಕೆ ಅದು ಬಂತು ಅಂತ ಮುಂದಿನದನ್ನು ತಳ್ಳಲಿಲ್ಲ. ಪೂರ್ತಿ ಐದು ತಿಂಗಳೂ ಸಿಗದಿದ್ರೂ 6.10 ಅಕ್ಟೋಬರ್ 26ಕ್ಕೇ ಹೊರಬಿತ್ತು. ಇವತ್ತಿಗೂ ಉಬುಂಟು ಆವೃತ್ತಿಗಳ ಪಟ್ಟಿ ತೆಗೆದು ನೋಡಿ. 04, 10, 04, 10 ಅಂತ ಸಾಲಾಗಿ ಹೋಗುತ್ತೆ, ನಡುವೆ ಒಂದೇ ಒಂದು 06.