ರಾಮನ್ ನಗರದ ಹೆಸರು ಮತ್ತು ನಮ್ಮ ಮಕ್ಕಳ ಮೊದಲ ಪದವಿ

ಬೆಂಗಳೂರಿನ ಪೂರ್ವ ಭಾಗದ ಸಿ.ವಿ. ರಾಮನ್ ನಗರದ ಹೆಸರನ್ನು ನಾವು ಬಸ್ಸಿನ ಫಲಕದಲ್ಲಿ ಓದುತ್ತೇವೆ, ವಿಳಾಸಗಳಲ್ಲಿ ಬರೆಯುತ್ತೇವೆ. ಭೌತವಿಜ್ಞಾನಿಯೊಬ್ಬರ ಹೆಸರು ಹೊತ್ತ ಈ ಬಡಾವಣೆಯಲ್ಲಿ ಡಿ.ಆರ್.ಡಿ.ಒ. ಎಂಬ ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಗಳಿವೆ. ರಾಡಾರ್‌ಗಳನ್ನು ರೂಪಿಸುವ ಎಲ್.ಆರ್.ಡಿ.ಇ., ಯುದ್ಧವಿಮಾನದ ಎಂಜಿನ್ನಿಗಾಗಿ ದುಡಿದ ಜಿ.ಟಿ.ಆರ್.ಇ. ಇಲ್ಲಿಯೇ ಇವೆ. ಆದರೂ ಪಿಯುಸಿ ಫಲಿತಾಂಶ ಬಂದ ದಿನಗಳಲ್ಲಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡುತ್ತೇನೆಂದ ಮಗುವಿಗೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಮಾತು, "ಯಾಕೆ, ಎಂಜಿನಿಯರಿಂಗ್ ಸೀಟು ಸಿಗಲಿಲ್ಲವೇ?" ಎಂಬುದೇ. ಒಂದು ವ್ಯಾಸಂಗವನ್ನು ಗೆಲುವೆಂದೂ ಇನ್ನೊಂದನ್ನು ಸೋಲೆಂದೂ ಎಣಿಸುವ ಈ ರೂಢಿಗೆ ಇತಿಹಾಸದಲ್ಲಿ ಆಧಾರವಿದೆಯೇ ಎಂಬುದನ್ನು ನಾವು ಪರಿಶೀಲಿಸಬೇಕಾಗಿದೆ.

ನಮ್ಮ ನಾಡಿನ ಎಂಜಿನಿಯರುಗಳ ಪೈಕಿ ಅಗ್ರಗಣ್ಯರಾದ ಸರ್ ಎಂ. ವಿಶ್ವೇಶ್ವರಯ್ಯನವರು ನೇರವಾಗಿ ಎಂಜಿನಿಯರಿಂಗ್ ಸೇರಿದವರಲ್ಲ. ಅವರು ಮಕ್ಕಳಿಗೆ ಪಾಠ ಹೇಳಿ ಸಂಪಾದಿಸುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಆ ಬಳಿಕ ಮೈಸೂರು ಸರಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಗೆ ತೆರಳಿ ಎಂಜಿನಿಯರಿಂಗ್ ಕಲಿತರು. ಬೆಂಗಳೂರಿನಲ್ಲಿಯೇ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದ್ದು 1917ರಲ್ಲಿ, ಅವರು ದಿವಾನರಾಗಿದ್ದಾಗ.

ಸಿ.ವಿ. ರಾಮನ್ ಅವರದು ಬೇರೊಂದು ಹಾದಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮುಗಿಸಿದ ಅವರು ಎಂ.ಎ. ಓದುತ್ತಿರುವಾಗಲೇ, 1906ರಲ್ಲಿ, ಬೆಳಕಿನ ಬಾಗುವಿಕೆಯ ಕುರಿತು ಬರೆದ ಪ್ರಬಂಧವು ಲಂಡನ್ನಿನ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗಿನ್ನೂ ಅವರಿಗೆ ಹದಿನೆಂಟು ವರ್ಷ. ಆದರೆ ಭೌತಶಾಸ್ತ್ರವನ್ನೇ ನಂಬಿ ಬದುಕುವ ಅವಕಾಶ ಅಂದು ವಿರಳವಾಗಿತ್ತು. 1907ರಲ್ಲಿ ಅವರು ಸರಕಾರದ ಹಣಕಾಸು ಇಲಾಖೆ ಸೇರಿದರು. ಕಲ್ಕತ್ತೆಯಲ್ಲಿ ಕಚೇರಿಯ ವೇಳೆಯ ಹಿಂದೆ ಮುಂದೆ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ಪ್ರಾಧ್ಯಾಪಕ ಹುದ್ದೆಗಾಗಿ ಆ ಭದ್ರವಾದ ನೌಕರಿಯನ್ನು ತೊರೆದರು.

ಒಂದೇ ಬಣ್ಣದ ಬೆಳಕು ದ್ರವವೊಂದರಲ್ಲಿ ಹಾಯುವಾಗ ಅಣುಗಳಿಂದ ಚದುರಿ, ಅದರ ಅತ್ಯಲ್ಪ ಅಂಶ ಬೇರೆ ಬಣ್ಣ ತಳೆದು ಹೊರಬರುತ್ತದೆ. ಇದನ್ನು ಅವರು ಕಂಡುಕೊಂಡದ್ದು 1928ರ ಫೆಬ್ರವರಿ 28ರಂದು. ಮುಂದಿನ ತಿಂಗಳ 16ರಂದು ಅದನ್ನು ಸವಿಸ್ತಾರವಾಗಿ ವಿವರಿಸಿದ ಉಪನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಇಲ್ಲಿಯೇ ನೆಲೆಸಿದರು.

ಬೆಳಕಿನ ಕುರಿತ ಈ ಅನ್ವೇಷಣೆ ಮುಸ್ಲಿಮರ ಜ್ಞಾನ ಪರಂಪರೆಗೆ ಅಪರಿಚಿತವಲ್ಲ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅವರು ಸಾವಿರ ವರ್ಷಗಳ ಹಿಂದೆ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥವನ್ನು ರಚಿಸಿದರು. ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರುವುದರಿಂದಲೇ ನಮಗೆ ನೋಟ ಸಾಧ್ಯವೆಂದು ಅವರು ಪ್ರಯೋಗಗಳ ಮೂಲಕ ಪ್ರತಿಪಾದಿಸಿದರು. ಅವರ ಹೆಸರನ್ನು ಅಭಿಮಾನದಿಂದ ಹೇಳುವ ನಾವು, ಅದೇ ವಿದ್ಯೆಯನ್ನು ಬಯಸುವ ಮಗುವನ್ನು ಕಂಡು ಸಪ್ಪೆ ಮೋರೆ ಹಾಕುವುದು ಎಷ್ಟು ಸರಿ?

ಮೂರನೆಯ ಉದಾಹರಣೆ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರದು. ರಾಮೇಶ್ವರದ ಸಾಧಾರಣ ಕುಟುಂಬದ ಈ ಮಗ ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿದರು. ತಮ್ಮ ಒಲವು ಎಂಜಿನಿಯರಿಂಗ್ ಕಡೆಗಿದೆಯೆಂಬುದು ಅವರಿಗೆ ಅರಿವಾದದ್ದು ಪದವಿಯ ಕೊನೆಯ ಹಂತದಲ್ಲಿ. ಆದರೆ ಓದಿದ್ದು ವ್ಯರ್ಥವಾಗಲಿಲ್ಲ. ವಿಜ್ಞಾನ ಪದವೀಧರರನ್ನು ಸೇರಿಸಿಕೊಳ್ಳುತ್ತಿದ್ದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಬಾಗಿಲನ್ನು ತೆರೆದದ್ದು ಆ ಪದವಿಯೇ. ಅಲ್ಲಿನ ಶುಲ್ಕಕ್ಕಾಗಿ ಅವರ ಸಹೋದರಿ ಝೊಹರಾ ತಮ್ಮ ಚಿನ್ನದ ಬಳೆಗಳನ್ನೂ ಸರವನ್ನೂ ಅಡವಿಟ್ಟರು. ವಿಮಾನ ಎಂಜಿನಿಯರಿಂಗ್ ಓದಿದ ಕಲಾಂ ತರಬೇತಿಗೆ ಬಂದದ್ದು ಬೆಂಗಳೂರಿನ ಎಚ್.ಎ.ಎಲ್.ಗೆ. ಮುಂದೆ ಇದೇ ನಗರದ ಎ.ಡಿ.ಇ. ಪ್ರಯೋಗಾಲಯದಲ್ಲಿ 'ನಂದಿ' ಎಂಬ ಹೋವರ್‌ಕ್ರಾಫ್ಟ್ ನಿರ್ಮಿಸಿದ ತಂಡವನ್ನು ಮುನ್ನಡೆಸಿದರು. ಕಾಲಾಂತರದಲ್ಲಿ ಡಿ.ಆರ್.ಡಿ.ಒ. ಮುಖ್ಯಸ್ಥರೂ ದೇಶದ ರಾಷ್ಟ್ರಪತಿಗಳೂ ಆದರು.

ಈ ಎರಡು ವಿದ್ಯೆಗಳ ಸಂಬಂಧವನ್ನು ರಾಡಾರ್ ಒಂದರಿಂದಲೇ ತಿಳಿಯಬಹುದು. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಕಳುಹಿಸಿದ ಅಲೆಯು ವಿಮಾನಕ್ಕೆ ತಗುಲಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹಿಂತಿರುಗಿದರೆ ಅದು ಹೋಗಿ ಬಂದ ದೂರ 300 ಕಿಲೋಮೀಟರ್; ಅಂದರೆ ವಿಮಾನವು 150 ಕಿಲೋಮೀಟರ್ ದೂರದಲ್ಲಿದೆ. ಈ ತತ್ವ ಭೌತಶಾಸ್ತ್ರದ್ದು. ಅಷ್ಟು ಸೂಕ್ಷ್ಮ ಕಾಲವನ್ನು ಅಳೆಯುವ, ಮಳೆಗಾಳಿಯಲ್ಲೂ ಕೆಡದ ಯಂತ್ರವನ್ನು ಕಟ್ಟುವುದು ಎಂಜಿನಿಯರಿಂಗ್. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಜೀವನೋಪಾಯದ ಚಿಂತೆ ಹೆತ್ತವರಿಗೆ ಸಹಜ. ಅದನ್ನು ಹಗುರವಾಗಿ ಕಾಣಲಾಗದು. ಬಿ.ಎಸ್ಸಿ. ಹಾದಿ ದೀರ್ಘವಾದುದು, ಎಂ.ಎಸ್ಸಿ. ಮತ್ತು ಅದರಾಚೆಗಿನ ಓದನ್ನೂ ಅದು ಬೇಡುತ್ತದೆ. ಆದರೆ ಅದು ಮುಚ್ಚಿದ ಹಾದಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ನಾಲ್ಕು ವರ್ಷಗಳ ವಿಜ್ಞಾನ ಪದವಿಯನ್ನು ನಡೆಸುತ್ತಿದೆ. ಬಿ.ಎಸ್ಸಿ. ಮುಗಿಸಿದವರಿಗೆ ಜಾಮ್ ಪರೀಕ್ಷೆಯ ಮೂಲಕ ಐಐಟಿಗಳಲ್ಲಿ ಎಂ.ಎಸ್ಸಿ. ಸೇರುವ ಅವಕಾಶವಿದೆ. ಗೇಟ್ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆಯೇ ಇದೆ.

ಆದ್ದರಿಂದ ಅರ್ಜಿ ತುಂಬುವ ಮುನ್ನ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು ಎರಡು ಮಾತು ಕೇಳೋಣ. ಯಂತ್ರವನ್ನು ಬಿಚ್ಚಿ ಕಟ್ಟುವುದರಲ್ಲಿ ನಿನಗೆ ಸುಖವಿದೆಯೇ, ಅಥವಾ ಅದು ಹೀಗೇಕೆ ನಡೆಯುತ್ತದೆಂಬ ಪ್ರಶ್ನೆ ನಿನ್ನನ್ನು ಕಾಡುತ್ತದೆಯೇ? ಉತ್ತರ ಯಾವುದೇ ಇರಲಿ, ನೆಂಟರಿಷ್ಟರ ಮಾತಿಗಿಂತ ಆ ಉತ್ತರಕ್ಕೆ ಹೆಚ್ಚು ತೂಕ ಕೊಡೋಣ. ಅದು ಅಂದೇ ಸ್ಪಷ್ಟವಾಗದಿದ್ದರೂ ಗಾಬರಿಪಡಬೇಕಾಗಿಲ್ಲ. ಕಲಾಂ ಅವರಿಗೂ ಅದು ಸ್ಪಷ್ಟವಾಗಲು ಒಂದು ಪದವಿಯಷ್ಟು ಕಾಲ ಹಿಡಿಯಿತು.