ಪ್ರೋಟೀನುಗಳ ನಕ್ಷೆ
ಕ್ಯಾನ್ಸರ್ ಗಡ್ಡೆಯ ತುಣುಕನ್ನು ಅರೆದು ಪರೀಕ್ಷಿಸಿದರೆ ಅದರಲ್ಲಿ ಯಾವ ಪ್ರೋಟೀನುಗಳಿವೆಯೆಂದು ತಿಳಿಯುತ್ತದೆ. ಯಾವುದು ಎಲ್ಲಿತ್ತೆಂಬುದು ಮಾತ್ರ ಅಳಿಸಿಹೋಗುತ್ತದೆ. 1988ರಲ್ಲಿ ಜರ್ಮನಿಯ ಕರಾಸ್ ಮತ್ತು ಹಿಲೆನ್‌ಕ್ಯಾಂಪ್, ಪ್ರೋಟೀನನ್ನು ಬೆಳಕು ಹೀರುವ ಹರಳುಗಳಲ್ಲಿ ಸೇರಿಸಿ, ಲೇಸರ್ ಕಿರಣದಿಂದ ಒಡೆಯದಂತೆ ಮೇಲೆಬ್ಬಿಸಿ ತೂಗಿದರು. 1997ರಲ್ಲಿ ಅಮೆರಿಕದ ರಿಚರ್ಡ್ ಕ್ಯಾಪ್ರಿಯೋಲಿ ಮತ್ತು ಸಂಗಡಿಗರು ಅದೇ ಕಿರಣವನ್ನು ಅಂಗಾಂಶದ ಮೇಲೆ ಚುಕ್ಕಿಚುಕ್ಕಿಯಾಗಿ ಹಾಯಿಸಿ ಪ್ರೋಟೀನುಗಳ ನಕ್ಷೆಯನ್ನೇ ಪಡೆದರು.

ಇದರ ಗುಟ್ಟು ಪೂರ್ವಸಿದ್ಧತೆಯಲ್ಲಿದೆ. ಅಂಗಾಂಶವನ್ನು ಕೂಡಲೇ ಹೆಪ್ಪುಗಟ್ಟಿಸಿ, ಸುಮಾರು 10 ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ದು, ಆಲ್ಕೋಹಾಲಿನಲ್ಲಿ ತೊಳೆದು ಲವಣ, ಕೊಬ್ಬುಗಳನ್ನು ಕಳೆಯುತ್ತಾರೆ. ಬಳಿಕ ಸಿನಾಪಿನಿಕ್ ಆಮ್ಲದ ದ್ರಾವಣ ಸಿಂಪಡಿಸುತ್ತಾರೆ. ಸಿಂಪಡಣೆ ತೀರ ಒಣಗಿದ್ದರೆ ಪ್ರೋಟೀನು ಹರಳಿಗೆ ಸೇರದು. ತೀರ ಒದ್ದೆಯಾದರೆ ಪಕ್ಕಕ್ಕೆ ಹರಿದು ನಕ್ಷೆ ಸುಳ್ಳಾಗುತ್ತದೆ. ಗಡ್ಡೆ ಎಲ್ಲಿ ಮುಗಿಯಿತೆಂದು ಹುಡುಕುವವರಿಗೆ ಅದು ಸಣ್ಣ ತಪ್ಪಲ್ಲ.